ದಾರಿ ತಪ್ಪಿ ಬಂದ ರೋಡ್ ರೋಲರ್

ಲಾರಿ ಓಡಿಸುವವನು ಹಗಲುಗನಸು ಕಾಣಕೂಡದೆಂದು ಯಾವ ಸರ್ಕಾರವೂ ಈವರೆಗೆ ಆಜ್ಞೆ ಹೊರಡಿಸಿಲ್ಲ. ಹೊರಡಿಸಿದ್ದರೆ ಜಾವಾದ ಸೆಮರಾಂಗ್ ಪಟ್ಟಣದ ವಸಿಸನ ಲೈಸೆನ್ಸು ಎಂದೋ ರದ್ದಾಗಿರುತ್ತಿತ್ತು. ಅವನದು ಅಕ್ಕಿಮೂಟೆ ಹೇರುವ ಲಾರಿಯಲ್ಲ. ಬುಲ್‌ಡೋಜರು, ಕ್ರೇನಿನ ತೋಳು, ಸೇತುವೆಯ ಉಕ್ಕಿನ ತೊಲೆ ಇಂಥವನ್ನೆಲ್ಲ ಕಟ್ಟಡದ ಕೆಲಸ ನಡೆಯುವ ಜಾಗಗಳಿಗೆ ಸಾಗಿಸುವ, ಹೊಟ್ಟೆ ನೆಲಕ್ಕೆ ತಾಗುವಂತಿರುವ ಉದ್ದನೆಯ ಗಾಡಿ. ಅಷ್ಟು ಭಾರ ಬೆನ್ನ ಮೇಲಿದ್ದಾಗ ಅದು ತುಂಬು ಬಸುರಿಯ ಹಾಗೆ ನಡೆಯುತ್ತದೆ. ಆ ಹೊತ್ತಿನಲ್ಲಿ ಬೇರೆ ಚಾಲಕರು ಸಿಗರೇಟು ಸೇದುತ್ತಾರೆ, ಇಲ್ಲವೇ ಫೋನಿನಲ್ಲಿ ಹೆಂಡತಿಯ ಹತ್ತಿರ ಜಗಳವಾಡುತ್ತಾರೆ. ವಸಿಸ್ ಮೋಡ ನೋಡುತ್ತಿದ್ದ. ಒಂದು ಮೋಡ ಎಮ್ಮೆಯಾಗುವುದು, ಎಮ್ಮೆ ಕರಗಿ ದೋಣಿಯಾಗುವುದು, ದೋಣಿಯಲ್ಲಿ ತನ್ನ ಹೆಂಡತಿ ತುಮಿನಿ ಕುಳಿತು ತನಗೇ ಕೈಬೀಸುವುದು ಇವೆಲ್ಲ ಅವನಿಗೆ ಮುಂದಿನ ರಸ್ತೆಗಿಂತ ಸ್ಪಷ್ಟವಾಗಿ ಕಾಣುತ್ತಿದ್ದವು.

ಇಂಥ ಕನಸಿನಲ್ಲೇ ಹೋದ ವರ್ಷ ಆಸ್ಪತ್ರೆಯ ಕಟ್ಟಡಕ್ಕೆ ಹೋಗಬೇಕಾದ ತೊಲೆಗಳನ್ನು ಅವನು ಮೀನು ಮಾರ್ಕೆಟ್ಟಿನಲ್ಲಿ ಇಳಿಸಿ ಬಂದಿದ್ದ. ಅವನ ಒಡತಿ ಬು ರತ್ಮಿ, ಅಂದರೆ ರತ್ಮಿ ಅಮ್ಮ, ಗಟ್ಟಿ ಹೆಂಗಸು, ಅಂದೇ ಹೇಳಿದ್ದಳು: "ಇನ್ನೊಂದ್ಸಲ ಹೀಗಾದ್ರೆ ಗಾಡಿ ಕೀಲಿ ನನ್ನ ಮೇಜಿನ ಮೇಲಿಟ್ಟು ಮನೆಗೆ ಹೋಗು. ಅಲ್ಲಿ ಆರಾಮಾಗಿ ಮಲ್ಕೊಂಡು ಮೋಡ ನೋಡು."

ವಸಿಸನಿಗೆ ಇನ್ನೊಂದು ಚಟವಿತ್ತು, ಅದು ಬಿಳಿ ಹೆಲ್ಮೆಟ್ಟಿನದು. ಕೆಲಸದ ಜಾಗಕ್ಕೆ ಹೋಗುವ ಚಾಲಕರಿಗೆ ಹಳದಿ ಹೆಲ್ಮೆಟ್, ಇಂಜಿನಿಯರುಗಳಿಗೆ ಬಿಳಿಯದು. ಯಾರೋ ಇಂಜಿನಿಯರ್ ಒಮ್ಮೆ ತನ್ನದನ್ನು ಇವನ ಗಾಡಿಯಲ್ಲಿ ಮರೆತು ಹೋದ. ವಾಪಸ್ ಕೊಡಬೇಕೆಂದು ವಸಿಸ್ ಅದನ್ನು ಜೋಪಾನವಾಗಿ ತಲೆಯ ಮೇಲೆಯೇ ಇಟ್ಟುಕೊಂಡ. "ಬಿಳೀದು ಹಾಕ್ಕೊಂಡ್ರೆ ನಿಮ್ಮ ಮುಖಕ್ಕೆ ಒಂದು ಅರ್ಥ ಬರುತ್ತೆ ನೋಡಿ," ಎಂದು ತುಮಿನಿ ಹೇಳಿದ ಮೇಲಂತೂ ಅದು ಕೆಳಗಿಳಿಯಲೇ ಇಲ್ಲ. ಮುಖಕ್ಕೆ ಅರ್ಥ ಬರುವುದನ್ನು ಯಾವ ಗಂಡಸು ತಾನೇ ಬೇಡವೆನ್ನುತ್ತಾನೆ?

ಆ ದಿನ ಬು ರತ್ಮಿ ಅವನನ್ನು ಕರೆದು ಹೇಳಿದಳು: "ಕರಾಂಗ್‌ಸಾರಿಗೆ ರೋಡ್ ರೋಲರ್ ಹೋಗ್ಬೇಕು. ನಾಳೆ ಮಧ್ಯಾಹ್ನದೊಳಗೆ. ತಡ ಆದ್ರೆ ಗುತ್ತಿಗೆದಾರ ನನ್ನ ತಿಂತಾನೆ, ನಾನು ನಿನ್ನ ತಿಂತೀನಿ."

"ಆಗ್ಲಿ ಬು."

"ಮೋಡ ನೋಡ್ಬೇಡ."

"ಆಗ್ಲಿ ಬು."

ಜೊತೆಗೆ ರೋಲರ್ ನಡೆಸುವ ಸರ್ಪಿನ್ ಬಂದ. ಸರ್ಪಿನ್ ಲೋಕವನ್ನೆಲ್ಲ ಬಲ್ಲವನು, ಒಮ್ಮೆ ನೋಡಿದ ದಾರಿ ಮರೆಯದವನು. ಆದರೆ ಆ ದಿನ ಅವನ ದವಡೆಹಲ್ಲು ಊದಿಕೊಂಡು ಕೆನ್ನೆ ಪಪ್ಪಾಯಿಯಾಗಿತ್ತು. ತಲೆಯಿಂದ ಗದ್ದಕ್ಕೆ ಬಟ್ಟೆ ಬಿಗಿದುಕೊಂಡಿದ್ದ. ಬಾಯಿ ತೆರೆದರೆ ಪ್ರಾಣ ಹೋಗುವಂತಿದ್ದರಿಂದ ಎಲ್ಲದಕ್ಕೂ "ಮ್ಂ" ಎನ್ನುವುದೊಂದೇ ಅವನ ಮಾತು.

ಜಾವಾದಲ್ಲಿ ಕೈ ಬೀಸಿದರೆ ಒಂದು ಕರಾಂಗ್‌ಸಾರಿಗೆ ತಗಲುತ್ತದೆ. ರೋಲರ್ ಹೋಗಬೇಕಾದದ್ದು ಸಮುದ್ರದ ಬದಿಯ ಕರಾಂಗ್‌ಸಾರಿಗೆ. ಅಲ್ಲಿ ಕಾರ್ಖಾನೆಗಳ ದೊಡ್ಡ ಬಡಾವಣೆ ಏಳುತ್ತಿತ್ತು. ಆದರೆ ದಾರಿ ಕವಲೊಡೆಯುವ ಕಡೆ ಆಕಾಶದಲ್ಲಿ ಒಂದು ಬಾತುಕೋಳಿ ಇನ್ನೊಂದು ಬಾತುಕೋಳಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ವಸಿಸನೂ ಅವುಗಳ ಹಿಂದೆ ಹೋದ. ಸಮುದ್ರ ಎಡಕ್ಕೆ ಉಳಿಯಿತು, ಗಾಡಿ ಸುಂಬಿಂಗ್ ಬೆಟ್ಟದ ಕಡೆ ತಿರುಗಿತು. ಸ್ವಲ್ಪ ಹೊತ್ತಿನಲ್ಲಿ ಬಾತುಕೋಳಿಗಳು ಕೆಳಗಿಳಿದು ಬಂದು ಮಂಜಾಗಿ ರಸ್ತೆಯ ಮೇಲೆಯೇ ಕುಳಿತವು. ಬೇಯಿಸಿದ ಕಡಲೆಕಾಯಿ ಮಾರುವ ಮುದುಕನೊಬ್ಬ ಮಂಜಿನಿಂದ ಹೊರಬಂದ.

"ಅಜ್ಜಾ, ಕರಾಂಗ್‌ಸಾರಿ ಯಾವ ಕಡೆ?"

"ಮೇಲೆ."

"ದಾರಿ ಇದೆಯಾ?"

"ದಾರಿ ಇಲ್ದೆ ಆ ಊರೋರು ಹಾರ್ಕೊಂಡು ಬರ್ತಾರಾ?"

"ಮ್ಂ! ಮ್ಂ! ಮ್ಂ!" ಎಂದು ಸರ್ಪಿನ್ ಸಮುದ್ರವಿದ್ದ ದಿಕ್ಕಿಗೆ ಕೈ ತೋರಿಸುತ್ತ ಸೀಟಿನ ಮೇಲೆ ಕುಪ್ಪಳಿಸಿದ.

"ತಡ್ಕೋ ಮಾರಾಯ," ಎಂದ ವಸಿಸ್ ಮರುಕದಿಂದ. "ಊರು ಬಂತು. ಯಾರ ಮನೇಲಾದ್ರೂ ಲವಂಗ ಕೇಳೋಣ."

ಆ ದಾರಿಗೆ ದಾರಿ ಎಂಬ ಹೆಸರನ್ನು ಊರಿನವರು ಪ್ರೀತಿಯಿಂದ ಕೊಟ್ಟಿದ್ದರು. ಒಂದು ಕಡೆ ಹೊಗೆಸೊಪ್ಪಿನ ಹೊಲ, ಇನ್ನೊಂದು ಕಡೆ ಬರಿಯ ಬಿಳಿ ಮಂಜು, ನಡುವೆ ಗುಂಡಿಗಳು. ಒಂದು ತಿರುವಿನಲ್ಲಿ ಏನೋ ಪಟಪಟನೆ ಮುರಿದ ಸದ್ದಾಯಿತು. "ಅಯ್ಯೋ ನನ್ನ ಸೂರು! ಯಾವನೋ ಅವನು ಕಣ್ಣಿಲ್ದೋನು!" ಎಂಬ ಹೆಣ್ಣುದನಿ ಮಂಜಿನೊಳಗಿಂದ ಬಂದು ಹಿಂದೆ ಉಳಿಯಿತು. ಇನ್ನೊಂದಿಷ್ಟು ಮುಂದೆ ಒಂದು ಮೋರಿ. ಗಾಡಿ ದಾಟಿದ ಮೇಲೆ ಅದು ದೊಡ್ಡ ನಿಟ್ಟುಸಿರು ಬಿಟ್ಟು ಕುಸಿದು ಕೂತಿತು. ಗಾಡಿ ಊರ ಚಾವಡಿಯ ಮುಂದಿನ ಬಯಲಿಗೆ ಬಂದು, ಮುಂದೆ ಹೋಗಲು ಏನೂ ಇಲ್ಲದ್ದರಿಂದ, ನಿಂತಿತು.

ಆಗ ಸರಿಯಾಗಿ ಮಂಜು ತೆರೆಯಿತು. ಬಿಸಿಲಿನ ಒಂದು ಕಂಬ ಆಕಾಶದಿಂದ ಇಳಿದು ಹಳದಿ ರೋಲರಿನ ಮೇಲೆ ನಿಂತಿತು. ಸುತ್ತ ಇಡೀ ಊರು ಬಾಯಿ ತೆರೆದು ನಿಂತಿತ್ತು. ಕೊನೆಗೆ ಒಬ್ಬ ಅಜ್ಜಿ ಮುಂದೆ ಬಂದು ರೋಲರಿನ ದಪ್ಪ ಉರುಳೆಯನ್ನು ಮೊಮ್ಮಗನ ಕೆನ್ನೆ ಸವರಿದಂತೆ ಸವರಿ, "ಬಂದ್ಯಾ ಕಂದಾ," ಎಂದಳು.

ಈ ಮಾತಿಗೆ ಕಾರಣವಿತ್ತು. ಬಹಳ ವರ್ಷಗಳ ಹಿಂದೆ ಈ ಕರಾಂಗ್‌ಸಾರಿಗೆ ರಸ್ತೆ ಮಂಜೂರಾಗಿ, ಜಲ್ಲಿಯ ರಾಶಿಗಳೂ ಮೋರಿಯ ಸಿಮೆಂಟು ಕೊಳವೆಗಳೂ ಬಂದು ಬಿದ್ದಿದ್ದವು. ರೋಲರ್ ಮಾತ್ರ ಬರಲಿಲ್ಲ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಚೇರಿಯವರು ಹೇಳುತ್ತಲೇ ಇದ್ದರು. ಜಲ್ಲಿಯ ಮೇಲೆ ಹುಲ್ಲು ಬೆಳೆಯಿತು, ಕೊಳವೆಗಳೊಳಗೆ ಕೋಳಿಗಳು ಸಂಸಾರ ಹೂಡಿದವು. ಊರಿನ ಹೆಂಗಸರು ಎಲೆಕೋಸು ಮೆಣಸಿನಕಾಯಿಗಳನ್ನು ಬೆನ್ನ ಮೇಲೆ ಹೊತ್ತು ಡಾಂಬರು ರಸ್ತೆಯವರೆಗೆ ಇಳಿಯುತ್ತಲೇ ಇದ್ದರು. ಹೆರಿಗೆ ನೋವು ಬಂದವರನ್ನು ಕುರ್ಚಿಗೆ ಕಟ್ಟಿ ಇಳಿಸುತ್ತಿದ್ದರು. ಹೀಗಿರುವಾಗ ಯಾರಿಗೂ ಹೇಳದೆ, ಮಂಜಿನ ಪರದೆ ಸರಿಸಿಕೊಂಡು, ರೋಲರ್ ತಾನಾಗಿ ಬಂದು ನಿಂತಿತ್ತು. ಪಕ್ಕದಲ್ಲಿ ಬಿಳಿ ಹೆಲ್ಮೆಟ್ಟಿನ ಮನುಷ್ಯ.

ಊರಿನ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಪಾ ಲೂರಾ, ಸರ್ಕಾರಿ ಅಂಗಿಯ ಗುಂಡಿಗಳನ್ನು ತಪ್ಪು ತೂತಿಗೆ ಹಾಕಿಕೊಳ್ಳುತ್ತ ಓಡಿ ಬಂದರು. ವಸಿಸನ ಎರಡೂ ಕೈ ಹಿಡಿದುಕೊಂಡು, "ಇಂಜಿನಿಯರ್ ಸಾಹೇಬ್ರೇ, ಬಂದ್ರಲ್ಲ! ಕೊನೆಗೂ ಬಂದ್ರಲ್ಲ!" ಎಂದರು.

ವಸಿಸ್ ಸುಳ್ಳುಗಾರನಲ್ಲ. ನಿಜ ಹೇಳಲು ಒಳ್ಳೆಯ ಸಮಯ ಬರಲಿ ಎಂದು ಕಾಯುವವನು, ಅಷ್ಟೆ. "ಅದು ಏನೂಂದ್ರೆ ಪಾ ಲೂರಾ..." ಎಂದು ಬಾಯಿ ತೆರೆದ. ತೆರೆದ ಬಾಯಿ ಕಂಡು ಹಸಿವೆಂದು ತಿಳಿದ ಯಾರೋ ಬಿಸಿ ಅನ್ನ, ಟೆಂಪೆ ಎಂಬ ಹುರಿದ ಸೋಯಾ ಬಿಲ್ಲೆ, ಕೆಂಪು ಖಾರದ ತಟ್ಟೆಯನ್ನು ಕೈಗಿಟ್ಟರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಅನ್ನ ಬಾಯಲ್ಲಿಟ್ಟುಕೊಂಡು ಹಿರಿಯರೊಡನೆ ಮಾತಾಡುವುದು ಅಲ್ಲಿ ಮರ್ಯಾದೆಯಲ್ಲ. ಅವನು ತಿಂದು ಮುಗಿಸುವಷ್ಟರಲ್ಲಿ ಪಾ ಲೂರಾ ಭಾಷಣ ಮುಗಿಸಿದ್ದರು, ಚಪ್ಪಾಳೆ ಬಿದ್ದಿತ್ತು, ಇಬ್ಬರು ಅತ್ತಿದ್ದರು.

"ಈಗ ಹೇಳಿ ಸಾಹೇಬ್ರೇ," ಎಂದರು ಪಾ ಲೂರಾ. "ಎಲ್ಲಿಂದ ಶುರು ಮಾಡೋಣ?"

ವಸಿಸ್ ಬಂದ ದಾರಿಯ ಕಡೆ ನೋಡಿದ. ಮೋರಿ ಕುಸಿದಿತ್ತು. ನಾಳೆ ಮಧ್ಯಾಹ್ನ, ಬು ರತ್ಮಿ, ಮೇಜಿನ ಮೇಲೆ ಇಡಬೇಕಾದ ಕೀಲಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಮೊದ್ಲು ಆ ಮೋರಿ ಸರಿಯಾಗ್ಬೇಕು," ಎಂದ, ಮನಸ್ಸಿನಾಳದಿಂದ. "ಇಲ್ದಿದ್ರೆ ಗಾಡಿ ಆಚೆ ಹೋಗೋದೇ ಇಲ್ಲ."

"ಕೇಳಿದ್ರೇನ್ರೋ!" ಪಾ ಲೂರಾ ಜನರ ಕಡೆ ತಿರುಗಿದರು. "ಮೊದ್ಲು ಮೋರಿ! ಹೋದ ಸಲದವರು ಜಲ್ಲಿಯಿಂದ ಶುರು ಮಾಡಿದ್ರು, ಅದಕ್ಕೇ ಕೆಟ್ಟಿದ್ದು. ಇವರು ಓದಿದವರು!"

ಹೀಗೆ ಶುರುವಾಯಿತು. ಕೊಳವೆಗಳೊಳಗಿನ ಕೋಳಿಗಳಿಗೆ ಬೇರೆ ಮನೆ ಹುಡುಕಿ, ಊರಿನ ಗಂಡಸರೆಲ್ಲ ಸೇರಿ ಕೊಳವೆ ಉರುಳಿಸಿದರು. ವಸಿಸ್ ದಾರಿಯುದ್ದಕ್ಕೂ ಓಡಾಡಿ, ತನ್ನ ಗಾಡಿ ಹೇಗಾದರೂ ಈ ಬೆಟ್ಟದಿಂದ ಪಾರಾಗಬೇಕೆಂಬ ಒಂದೇ ಚಿಂತೆಯಲ್ಲಿ ಬಾಯಿಗೆ ಬಂದದ್ದು ಹೇಳಿದ. "ಈ ಗುಂಡಿ ತುಂಬ್ಬೇಕಪ್ಪ, ಚಕ್ರ ಹೂತ್ಕೊಂಡ್ರೆ ನನ್ನ ಕಥೆ ಮುಗೀತು." ಊರಿನವರು ಗುಂಡಿ ತುಂಬಿದರು. "ಈ ಅಂಚು ಜರಿಯತ್ತೆ, ನಾವೆಲ್ಲ ಕೆಳಗಡೆ ಹೋಗ್ತೀವಿ." ಅಂಚಿಗೆ ಕಲ್ಲು ಕಟ್ಟಿದರು. "ಇಷ್ಟು ಕಿರಿದಾದ್ರೆ ಗಾಡಿ ಇಳಿಯೋದು ಹ್ಯಾಗೆ?" ಹೊಲದವರು ತಾವಾಗಿಯೇ ಹೊಗೆಸೊಪ್ಪಿನ ಒಂದು ಸಾಲು ಕಿತ್ತು ಜಾಗ ಬಿಟ್ಟರು. ತಪ್ಪಿಸಿಕೊಂಡು ಓಡುವ ಮನುಷ್ಯನ ಅವಸರವನ್ನು ಜನ ಕರ್ತವ್ಯನಿಷ್ಠೆ ಎಂದು ತಿಳಿದರು. "ಸಾಹೇಬ್ರಿಗೆ ನಮ್ಮೂರ ಮೇಲೆ ಏನು ಕಾಳಜಿ! ಒಂದ್ನಿಮಿಷ ಕೂರಲ್ಲ," ಎಂದು ಹೆಂಗಸರು ಚಹಾ ಹಿಡಿದು ಅವನ ಹಿಂದೆ ಓಡುತ್ತಿದ್ದರು.

ಜಲ್ಲಿ ಹರಡಿದ ಮೇಲೆ ಅದನ್ನು ಅದುಮಬೇಕಲ್ಲ? ರೋಲರನ್ನು ಕೆಳಗಿಳಿಸಿದರು. ಊರಿನವರು ತಮ್ಮ ನೀರೆತ್ತುವ ಪಂಪುಗಳ ಡೀಸೆಲ್ ತಂದು ಸುರಿದರು. ಸರ್ಪಿನ್ ಅದರ ಮೇಲೆ ಕೂತು, ಕೆನ್ನೆ ಹಿಡಿದುಕೊಂಡು, "ಮ್ಂ, ಮ್ಂ" ಎಂದು ನರಳುತ್ತ ಹಿಂದೆ ಮುಂದೆ ಓಡಿಸಿದ. ನಡುನಡುವೆ ವಸಿಸನ ಅಂಗಿ ಹಿಡಿದೆಳೆದು ಸಮುದ್ರದ ದಿಕ್ಕು ತೋರಿಸುತ್ತಿದ್ದ. "ಪಾಪ, ಮನೆ ನೆನಪು," ಎಂದು ಜನ ಕಣ್ಣೊರೆಸಿಕೊಂಡರು.

ಆ ಬೆಟ್ಟದ ಮಡಿಕೆಯಲ್ಲಿ ಫೋನು ಹಿಡಿಯುತ್ತಿರಲಿಲ್ಲ. ಹೊಗೆಸೊಪ್ಪಿನ ಹೊಲಗಳಾಚೆ ದಿಬ್ಬ ಹತ್ತಿದರೆ ಸಿಗುತ್ತದೆ ಎಂದರು. ಬು ರತ್ಮಿಗೆ ಎಲ್ಲ ಹೇಳಿಬಿಡುವುದೆಂದು ನಿಶ್ಚಯಿಸಿ ವಸಿಸ್ ಒಂದು ಬೆಳಿಗ್ಗೆ ದಿಬ್ಬ ಹತ್ತಿದ. ಹತ್ತಿ ನಿಂತರೆ, ಇದುವರೆಗೆ ತಲೆಯ ಮೇಲಿದ್ದ ಮೋಡಗಳೆಲ್ಲ ಕಾಲ ಕೆಳಗೆ! ಬೆಟ್ಟದಿಂದ ಬೆಟ್ಟಕ್ಕೆ ಹಾಲಿನಂತೆ ಹರಡಿಕೊಂಡಿವೆ. ಎದುರಿಗೆ ಸಿಂದೋರೋ ಬೆಟ್ಟದ ತಲೆಯೊಂದೇ ತೇಲುತ್ತಿದೆ. ಕೆಳಗೆಲ್ಲೋ ರೋಲರಿನ ಗುಡುಗುಡು, ಒಂದು ಹುಂಜದ ಕೂಗು, ಯಾರೋ ನಗುವ ಸದ್ದು ಹಾಲಿನ ತಳದಿಂದ ಬಂದ ಹಾಗೆ ಬರುತ್ತಿವೆ. ವಸಿಸ್ ಒಂದು ಕಲ್ಲಿನ ಮೇಲೆ ಕೂತ. ಬಿಸಿಲೇರಿ ಮೋಡ ಚೆದುರಿದ ಮೇಲೆ ಎದ್ದು ಕೆಳಗಿಳಿದು ಬಂದ. ಫೋನು ಮಾಡಲು ಹೋಗಿದ್ದೆನೆಂಬುದು ನೆನಪಾದದ್ದು ಊಟದ ಹೊತ್ತಿಗೆ.

ಅಷ್ಟರಲ್ಲಿ ಸುದ್ದಿ ತಾಲ್ಲೂಕು ಕಚೇರಿಗೆ ಮುಟ್ಟಿತು. ರಸ್ತೆಗಳ ವಿಭಾಗ ನೋಡುವ ಅಧಿಕಾರಿ ಹಾರ್ತೋಯೋಗೆ ಬೆವರು ಕಿತ್ತುಕೊಂಡು ಬಂತು. ತನ್ನ ವ್ಯಾಪ್ತಿಯಲ್ಲಿ ರಸ್ತೆಯಾಗುತ್ತಿದೆ, ತನಗೇ ಗೊತ್ತಿಲ್ಲ! ಮೇಲಿನವರು ನೇರವಾಗಿ ಇಂಜಿನಿಯರನ್ನು ಕಳಿಸಿದ್ದಾರೆಂದರೆ ತನ್ನ ಮೇಲೆ ಏನೋ ದೂರು ಹೋಗಿರಬೇಕು. ಅವನು ಮೋಟಾರ್‌ಬೈಕು ಹತ್ತಿ ಬಂದ. ಅವನನ್ನು ನೋಡಿದ ಕೂಡಲೇ ತನ್ನ ಕಥೆ ಮುಗಿಯಿತೆಂದು ವಸಿಸ್ ತಿಳಿದ. ವಸಿಸನ ಬಿಳಿ ಹೆಲ್ಮೆಟ್ ನೋಡಿದ ಕೂಡಲೇ ತನ್ನ ಕಥೆ ಮುಗಿಯಿತೆಂದು ಹಾರ್ತೋಯೋ ತಿಳಿದ. ಇಬ್ಬರೂ ಒಬ್ಬರಿಗಿಂತ ಒಬ್ಬರು ಕೆಳಗೆ ಬಾಗಿ ನಮಸ್ಕರಿಸಿದರು.

"ತಾವು... ಕೇಂದ್ರ ಕಚೇರಿಯಿಂದ?" ಎಂದ ಹಾರ್ತೋಯೋ.

"ಸೆಮರಾಂಗಿನಿಂದ," ಎಂದ ವಸಿಸ್. ಅದು ನಿಜವೇ.

"ಯಾರು ಕಳಿಸಿದ್ದು ಅಂತ ಕೇಳ್ಬಹುದಾ?"

"ಬು ರತ್ಮಿ."

ಬು ರತ್ಮಿ ಎಂಬ ಹೆಸರನ್ನು ಹಾರ್ತೋಯೋ ಕೇಳಿರಲಿಲ್ಲ. ಕೇಳಿಲ್ಲವೆಂದರೆ ಅವರು ಬಹಳ ಮೇಲಿನವರೇ ಇರಬೇಕು. "ಓಹೋ, ಬು ರತ್ಮಿಯವರು! ಗೊತ್ತು, ಗೊತ್ತು. ಹ್ಯಾಗಿದ್ದಾರೆ?"

"ಸ್ವಲ್ಪ ಸಿಟ್ಟಲ್ಲಿದ್ದಾರೆ."

"ನನ್ನ ಮೇಲಾ?" ಹಾರ್ತೋಯೋನ ದನಿ ಕೀರಲಾಯಿತು.

"ಇಲ್ಲ ಸ್ವಾಮಿ, ನನ್ನ ಮೇಲೆ. ಕೆಲಸ ತಡ ಆಗಿದ್ದಕ್ಕೆ."

ಇಷ್ಟು ದೊಡ್ಡ ಮನುಷ್ಯನೇ ತಡವಾದ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ತನ್ನನ್ನು ಕಾಪಾಡುತ್ತಿದ್ದಾನೆ! ಹಾರ್ತೋಯೋಗೆ ಕಣ್ಣು ತುಂಬಿ ಬಂತು. ತಕ್ಷಣ ಜಲ್ಲಿ ರಾಶಿಯ ಮೇಲೆ ಹತ್ತಿ ನಿಂತು ಊರಿನವರಿಗೆ ಹೇಳಿದ: "ಬಂಧುಗಳೇ, ಈ ರಸ್ತೆ ಮಂಜೂರು ಮಾಡಿದ್ದು ನಾನೇ. ನಾನೇ ಹಗಲೂ ರಾತ್ರಿ ಓಡಾಡಿ ಮಾಡ್ಸಿದ್ದು. ಹೇಳ್ಕೊಳೋದು ನನ್ನ ಸ್ವಭಾವ ಅಲ್ಲ, ಅದಕ್ಕೇ ಇಷ್ಟು ದಿನ ಹೇಳ್ಲಿಲ್ಲ." ಹೀಗೆಂದು ಬೈಕು ಹತ್ತಿ, ಯಾರೂ ಇನ್ನೊಂದು ಪ್ರಶ್ನೆ ಕೇಳುವ ಮುನ್ನ ಮಂಜಿನಲ್ಲಿ ಮಾಯವಾದ.

ಕೆಲಸ ಇಳಿದಿಳಿದು ಕೊನೆಯ ತಿರುವಿಗೆ ಬಂತು. ಅಲ್ಲಿ ಬು ಪೈನೆಮ್ಮಳ ಚಹಾದಂಗಡಿ. ಮರದ ಕಂಬ, ಬಿದಿರಿನ ತಟ್ಟಿ, ಹೆಂಚಿನ ಮಾಡು. ಮೊದಲ ದಿನ ರೋಲರ್ ತಗಲಿ ಕಿತ್ತುಹೋದದ್ದು ಇದರ ಸೂರೇ. ಹತ್ತುವಾಗ ಸೂರು ಕಿತ್ತುಕೊಂಡು ಹೇಗೋ ತೂರಿ ಬಂದದ್ದಾಯಿತು. ಇಳಿಯುವಾಗ ಅಷ್ಟು ಉದ್ದದ ಗಾಡಿಯ ಬಾಲ ಆ ತಿರುವಿನಲ್ಲಿ ಅಂಗಡಿಯನ್ನೇ ಗುಡಿಸಿಕೊಂಡು ಹೋಗುವುದು ಖಂಡಿತ. ಅಂಗಡಿ ಸರಿಯಬೇಕಾಗಿತ್ತು. ಬು ಪೈನೆಮ್ ಸರಿಯುವವಳಲ್ಲ.

"ಯಾಕೆ ಸರೀಬೇಕು?" ಎಂದಳು, ಸೊಂಟದ ಮೇಲೆ ಕೈಯಿಟ್ಟು. "ಹೋದ ಸಲ ರಸ್ತೆ ಬರುತ್ತೆ ಅಂತ ಹೇಳಿ ನನ್ನ ಅಂಗಳ ತಗೊಂಡ್ರು. ಅಂಗಳದಲ್ಲಿ ನಮ್ಮ ಯಜಮಾನ್ರು ನೆಟ್ಟಿದ್ದ ಲವಂಗದ ಮರ ಇತ್ತು. ಕಡಿದ್ರು. ರಸ್ತೆ ಬಂತಾ? ಮರಾನೂ ಹೋಯ್ತು, ಯಜಮಾನ್ರೂ ಹೋದ್ರು. ಇನ್ನು ಉಳಿದಿರೋದು ಈ ಒಲೆ. ಸರ್ಕಾರ ಅಲ್ಲ, ಸರ್ಕಾರದ ಅಪ್ಪ ಬಂದ್ರೂ ಕೊಡಲ್ಲ."

"ಪೈನೆಮ್ಮಕ್ಕಾ, ಸಾಹೇಬ್ರ ಮುಂದೆ ಹೀಗೆಲ್ಲ..." ಎಂದು ಪಾ ಲೂರಾ ಕೈ ಹೊಸಕಿಕೊಂಡರು.

"ಯಾವ ಸಾಹೇಬ್ರು? ನಾನೂ ನೋಡ್ತಾನೇ ಇದೀನಿ. ನನ್ನ ಬೆಂಚಿನ ಮೇಲೆ ಕಾಲು ಮಡಚಿ ಕೂತು ಟೆಂಪೆ ತಿಂತಾರೆ. ಚಹಾ ತಟ್ಟೇಲಿ ಹುಯ್ಕೊಂಡು ಊದ್ತಾರೆ. ಬಾಯಿ ತೆರೆದ್ರೆ ಗಾಡಿ ಆಚೆ ಹೋಗ್ಬೇಕು, ಗಾಡಿ ಆಚೆ ಹೋಗ್ಬೇಕು. ರಸ್ತೆ ಅನ್ನೋ ಮಾತು ಒಂದ್ಸಲ ಆದ್ರೂ ಇವರ ಬಾಯಲ್ಲಿ ಬಂದಿದೆಯಾ? ಯಾರಾದ್ರೂ ಕೇಳಿದೀರಾ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಜ, ಯಾರೂ ಕೇಳಿರಲಿಲ್ಲ. ವಸಿಸ್ ಹೆಲ್ಮೆಟ್ಟನ್ನು ಇನ್ನಷ್ಟು ಕೆಳಗೆಳೆದುಕೊಂಡ.

"ಇವರು ಹೇಳಲ್ಲ. ಆ ಕೆನ್ನೆ ಊದಿದವನನ್ನ ಕೇಳ್ತೀನಿ," ಎಂದಳು ಬು ಪೈನೆಮ್. "ಅವನು ಬಂದಾಗಿನಿಂದ ಏನೋ ಹೇಳೋಕೆ ಒದ್ದಾಡ್ತಾ ಇದಾನೆ. ಬಾರಪ್ಪ ಇಲ್ಲಿ."

ಸರ್ಪಿನ್ ಹೋದ. ಅವನನ್ನು ಬೆಂಚಿನ ಮೇಲೆ ಕೂರಿಸಿ, ಇಬ್ಬರಿಗೆ ಭುಜ ಹಿಡಿಯಲು ಹೇಳಿ, ಬು ಪೈನೆಮ್ ಗಟ್ಟಿ ದಾರವೊಂದನ್ನು ಹಲ್ಲಿಗೆ ಸುತ್ತಿ ಅದರ ಇನ್ನೊಂದು ತುದಿಯನ್ನು ಅಂಗಡಿಯ ಬಾಗಿಲಿಗೆ ಕಟ್ಟಿದಳು. "ನಿನ್ನ ಹೆಂಡತಿ ಹೆಸರೇನು?" ಎಂದಳು. ಸರ್ಪಿನ್ ಹೆಸರು ನೆನಪಿಸಿಕೊಳ್ಳುವಷ್ಟರಲ್ಲಿ ಬಾಗಿಲನ್ನು ಧಡಾರನೆ ಒದ್ದಳು.

ಸರ್ಪಿನನ ಕೂಗು ಎದುರು ಬೆಟ್ಟಕ್ಕೆ ಹೋಗಿ ವಾಪಸ್ ಬಂತು. ಅವನು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದ. ಅವನು ದವಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿ ನೋಡಿ, ಎದ್ದು ನಿಂತು ವಸಿಸನ ಮುಖದ ಮುಂದೆ ಬೆರಳಾಡಿಸಿದ.

"ಇದು ಆ ಕರಾಂಗ್‌ಸಾರಿ ಅಲ್ವೋ, ಮುಟ್ಠಾಳ! ಕಡಲೆಕಾಯಿ ಅಜ್ಜನ ಹತ್ರ ನಿಂತಾಗಿನಿಂದ ಬಡ್ಕೋತಾ ಇದೀನಿ! ಆ ಕರಾಂಗ್‌ಸಾರಿ ಸಮುದ್ರದ ಹತ್ರ! ನೀನು ನೋಡಿದ್ರೆ ಬೆಟ್ಟ ಹತ್ಸಿದೀಯ! ನೀನು ಇಂಜಿನಿಯರ್ರಾ? ನೆಟ್ಟಗೆ ಡ್ರೈವರೂ ಅಲ್ಲ! ಲವಂಗ ಕೇಳೋಣ ಅಂದ್ಯಲ್ಲ, ಲವಂಗ ಎಲ್ಲೋ?"

ವಸಿಸ್ ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟ. ಅದಿಲ್ಲದೆ ಅವನ ತಲೆ ಬಹಳ ಚಿಕ್ಕದಾಗಿ ಕಂಡಿತು.

"ನಾನು ಲಾರಿ ಓಡಿಸ್ತೀನಿ," ಎಂದ. "ಮೋಡ ನೋಡ್ತಾ ದಾರಿ ತಪ್ಪಿ ಬಂದೆ. ಮೊದಲ ದಿನವೇ ಹೇಳ್ಬೇಕು ಅಂದ್ಕೊಂಡೆ. ಆ ಅಜ್ಜಿ ರೋಲರನ್ನ ಸವರಿದ್ದು ನೋಡಿ ಬಾಯಿ ಬರ್ಲಿಲ್ಲ. ಆಮೇಲೆ ಅನ್ನ ಕೊಟ್ರಿ. ನನ್ನ ಕೆಲಸ ಇಷ್ಟೊತ್ತಿಗೆ ಹೋಗಿರತ್ತೆ. ನೀವು ಹೊಡೆಯೋದಾದ್ರೆ ಹೊಡೀರಿ."

ಪಾ ಲೂರಾ ಜಲ್ಲಿಯ ಮೇಲೆಯೇ ಕುಸಿದು ಕೂತರು. ಚಾವಡಿಯಲ್ಲಿ ತಾವು ಮಾಡಿದ ಭಾಷಣ, ಸುತ್ತಲಿನ ಊರುಗಳಲ್ಲಿ ಹೇಳಿಕೊಂಡು ಬಂದ ಜಂಬ ಎಲ್ಲ ಮುಖದ ಮೇಲೆ ಒಂದಾದ ಮೇಲೊಂದು ಹಾದುಹೋದವು. ಆಮೇಲೆ ಅವರು ತಲೆಯೆತ್ತಿ ಸಣ್ಣ ದನಿಯಲ್ಲಿ ಕೇಳಿದರು:

"ಹಾಗಾದ್ರೆ ಹಾರ್ತೋಯೋ ಸಾಹೇಬ್ರು ಮಂಜೂರು ಮಾಡಿದ್ದು ಯಾವ ರಸ್ತೆ?"

ಮೊದಲು ನಕ್ಕವಳು ರೋಲರ್ ಸವರಿದ ಅಜ್ಜಿ. ಆಮೇಲೆ ನಗು ಬೆಂಕಿ ಹತ್ತಿದ ಹಾಗೆ ಹಬ್ಬಿತು. ಗುದ್ದಲಿ ಹಿಡಿದವರು ಗುದ್ದಲಿಗೆ ಒರಗಿ ನಕ್ಕರು, ಜಲ್ಲಿ ಬುಟ್ಟಿ ಹೊತ್ತವರು ಬುಟ್ಟಿ ಇಳಿಸಿ ನಕ್ಕರು. ಪಾ ಲೂರಾ ನಗುತ್ತ ನಗುತ್ತ ಅಂದೂ ತಪ್ಪು ತೂತಿಗೆ ಹಾಕಿದ್ದ ಅಂಗಿಯ ಗುಂಡಿಗಳನ್ನೆಲ್ಲ ಕಿತ್ತುಕೊಂಡರು. ಸರ್ಪಿನ್ ಕೂಡ, ಕೆನ್ನೆ ನೋಯುತ್ತದೆಂದು ಬೈದುಕೊಳ್ಳುತ್ತಲೇ, ನಕ್ಕ.

ಬು ಪೈನೆಮ್ ಒಬ್ಬಳು ನಗಲಿಲ್ಲ. ವಸಿಸನನ್ನೇ ನೋಡುತ್ತ ನಿಂತಿದ್ದಳು.

"ಮನೇಲಿ ಯಾರಿದಾರೆ?" ಎಂದಳು.

"ಹೆಂಡತಿ."

"ಕಾಯ್ತಿರ್ತಾಳಾ?"

"ಕಾಯ್ತಿರ್ತಾಳೆ."

ಬು ಪೈನೆಮ್ ಸೊಂಟದ ಮೇಲಿನ ಕೈ ತೆಗೆದಳು. "ಸರ್ಕಾರ ಕೇಳಿದ್ರೆ ಕೊಡ್ತಿರ್ಲಿಲ್ಲ," ಎಂದಳು. "ದಾರಿ ತಪ್ಪಿದೋನು ಮನೆಗೆ ಹೋಗ್ಬೇಕು ಅಂದ್ರೆ ಹ್ಯಾಗಪ್ಪ ಅಡ್ಡ ನಿಲ್ಲೋದು? ಎತ್ರಿ ಅಂಗಡೀನ. ಆದ್ರೆ ನಾನು ಒಳಗಡೇನೇ ಇರ್ತೀನಿ. ಎಣ್ಣೆ ಕಾದಿದೆ, ಹಿಟ್ಟು ಕಲಸಿಟ್ಟಿದೀನಿ. ಹಾಳು ಮಾಡೋಕಾಗಲ್ಲ."

ಆ ಸೀಮೆಯಲ್ಲಿ ಮರದ ಮನೆಗಳನ್ನು ಹೊತ್ತು ಇನ್ನೊಂದು ಕಡೆ ಇಡುವುದು ಎಲ್ಲರೂ ಸೇರಿ ಮಾಡುವ ಕೆಲಸ. ಕಂಬಗಳ ಅಡಿಗೆ ಉದ್ದನೆಯ ಬಿದಿರು ಕಟ್ಟಿದರು. ಒಂದೊಂದು ಬಿದಿರಿಗೆ ಸಾಲುಸಾಲು ಹೆಗಲು. ವಸಿಸ್ ಒಂದು ಮೂಲೆಗೆ ಹೆಗಲು ಕೊಟ್ಟ, ಅವನ ಹಿಂದೆ ಪಾ ಲೂರಾ. ಯಾರೋ "ಹೋಯ್" ಎಂದರು. ಅಂಗಡಿ ನೆಲ ಬಿಟ್ಟು ಎದ್ದಿತು.

ಅಷ್ಟು ಹೊತ್ತಿಗೆ ಮಂಜು ಮತ್ತೆ ಇಳಿದಿತ್ತು. ಹೊತ್ತವರ ಕಾಲುಗಳು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬಿಳಿಯ ನಡುವೆ ಮೆಲ್ಲಗೆ ತೇಲುತ್ತಿದ್ದ ಹೆಂಚಿನ ಮಾಡು, ಕಿಟಕಿಯಲ್ಲಿ ನೇತಾಡುವ ಬಾಳೆಗೊನೆ, ಒಲೆಯ ಕೆಂಪು ಬೆಳಕು, ಅದರ ಮುಂದೆ ಜಾಲರಿ ಸೌಟು ಹಿಡಿದು ರಾಣಿಯಂತೆ ಕೂತ ಬು ಪೈನೆಮ್. "ಎಡಕ್ಕೆ ವಾಲ್ತಿದೆ! ಎಣ್ಣೆ ಚೆಲ್ಲತ್ತೆ! ಆ ಮೂಲೆಯೋನು ಯಾರು, ಕುಳ್ಳ, ಹಿಮ್ಮಡಿ ಎತ್ತೋ!" ಎಂದು ಗದರುತ್ತಲೇ ಬಿಸಿ ಟೆಂಪೆಯನ್ನು ಕಿಟಕಿಯಿಂದ ಕೆಳಗಿನವರ ಬಾಯಿಗೆ ಇಡುತ್ತಿದ್ದಳು. ಕೈಗಳು ಬಿದಿರು ಹಿಡಿದಿದ್ದವಲ್ಲ, ಎಲ್ಲರೂ ಹಕ್ಕಿಮರಿಗಳಂತೆ ಬಾಯಿ ತೆರೆದರು. ವಸಿಸ್ ತನ್ನ ಜೀವನದಲ್ಲಿ ನೋಡಿದ ಯಾವ ಮೋಡವೂ ಹೀಗೆ ಅಂಗಡಿಯಾಗಿ, ಒಳಗೊಂದು ಹೆಂಗಸನ್ನು ಕೂರಿಸಿಕೊಂಡು, ಬೈಯುತ್ತ ಹೋಗಿರಲಿಲ್ಲ.

ಅಂಗಡಿ ದಾರಿಯ ಆಚೆ ಬದಿ ಇಳಿಯಿತು. ತಿರುವು ತುಂಬಿ, ಜಲ್ಲಿ ಹಾಸಿ, ಸರ್ಪಿನ್ ಅದನ್ನು ಅದುಮಿ ಕೊಟ್ಟ. ಮರುದಿನ ಬೆಳಿಗ್ಗೆ ರೋಲರನ್ನು ಗಾಡಿಗೇರಿಸಿ ಸರಪಳಿ ಬಿಗಿದರು. ಎಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣಗಳು ಸೀಟಿನ ಮೇಲೆ ಗುಡ್ಡೆಯಾದವು.

"ಮೇಲಿನ ಕೇರಿ ದಾರಿ ಒಂದು ಉಳೀತು," ಎಂದರು ಪಾ ಲೂರಾ, ಕಿಟಕಿ ಹಿಡಿದುಕೊಂಡು. "ಜಲ್ಲಿಯೇನೋ ಮಿಕ್ಕಿದೆ. ಇರಲಿ ಬಿಡಿ ಮಾಸ್ ವಸಿಸ್, ಇಷ್ಟಾಗಿದ್ದೇ ಹೆಚ್ಚು." ಸಾಹೇಬ್ರು ಹೋಗಿ ಮಾಸ್, ಅಂದರೆ ಅಣ್ಣ, ಆಗಿದ್ದ. ಅದು ವಸಿಸನಿಗೆ ಬಿಳಿ ಹೆಲ್ಮೆಟ್ಟಿಗಿಂತ ಹಗುರವಾಗಿತ್ತು.

ಗಾಡಿ ಇಳಿಯಿತು. ಮೋರಿ ಹಂದಾಡಲಿಲ್ಲ. ಡಾಂಬರು ರಸ್ತೆ ಮುಟ್ಟಿದ ಕೂಡಲೇ ಫೋನಿಗೆ ಜೀವ ಬಂದೀತೆಂದು ವಸಿಸ್ ಹೆದರಿ ಕಾದ. ಬಂತು. ಒಂದೇ ಒಂದು ಸಂದೇಶ. ಫೋನು ಕಂಪನಿಯವರು ಹೊಸ ರಿಂಗ್‌ಟೋನ್ ಬೇಕೇ ಎಂದು ಕೇಳಿದ್ದರು. ಬು ರತ್ಮಿ ಒಂದು ಸಲವೂ ಕರೆದಿರಲಿಲ್ಲ. ಬೈಯುವಷ್ಟು ಕೂಡ ನಂಟು ಉಳಿದಿಲ್ಲವೆಂದು ವಸಿಸ್ ತೀರ್ಮಾನಿಸಿದ.

ಸಮುದ್ರದ ಬದಿಯ ಕರಾಂಗ್‌ಸಾರಿಗೆ ಹೋಗಿ ನಿಂತಾಗ ಗೇಟು ಮುಚ್ಚಿತ್ತು. ಒಳಗೆ ದೊಡ್ಡ ಬಯಲು, ಅದರಲ್ಲಿ ಹುಲ್ಲು, ಹುಲ್ಲಿನಲ್ಲಿ ಮೇಕೆ. ಕಾವಲುಗಾರ ನಿದ್ದೆಯಿಂದ ಎದ್ದು ಬಂದ.

"ರೋಲರಾ? ಯಾವನಿಗೆ ಬೇಕು ರೋಲರು? ಜಾಗದ ವ್ಯಾಜ್ಯ ಕೋರ್ಟಿಗೆ ಹೋಗಿದೆ. ಕೆಲಸ ನಿಂತು ಎಷ್ಟೋ ದಿನ ಆಯ್ತು. ಮಳೆಗಾಲ ಕಳೀಲಿ, ಆಮೇಲೆ ಬನ್ನಿ," ಎಂದು ಹೇಳಿ ಮತ್ತೆ ಮಲಗಲು ಹೋದ.

ವಸಿಸ್ ಬು ರತ್ಮಿಗೆ ಫೋನು ಮಾಡಿದ.

"ವಸಿಸ್! ನಿನ್ನ ಮರೆತೇಹೋಗಿದ್ದೆ," ಎಂದಳು ಅವಳು. "ಇಳಿಸೋಕೆ ಲಾರಿಗಳ ಸಾಲು ಇರಬೇಕು, ಕಾಯ್ತಿರ್ತೀಯ ಅಂದ್ಕೊಂಡೆ. ಎಲ್ಲಿದೀಯ?"

"ಕರಾಂಗ್‌ಸಾರಿ, ಬು."

"ಸದ್ಯ! ಈ ಸಲ ಸರಿಯಾದ ಕಡೆ ಹೋದೆ."

"ಇಲ್ಲಿ ಕೆಲಸ ನಿಂತಿದೆ, ಬು. ಮಳೆಗಾಲ ಕಳೀಲಿ ಅಂತಾರೆ."

"ಅಯ್ಯೋ ಗ್ರಹಚಾರವೇ. ಇಲ್ಲಿಗಂತೂ ತರಬೇಡ, ನಮ್ಮ ಅಂಗಳದಲ್ಲಿ ಇಲಿ ನುಗ್ಗೋಕೂ ಜಾಗ ಇಲ್ಲ. ಅಲ್ಲೇ ಕರಾಂಗ್‌ಸಾರೀಲಿ ಯಾರಾದ್ರೂ ನಂಬಿಕಸ್ತರ ಹತ್ರ ಬಿಟ್ಟಿರು. ಸುಮ್ನೆ ನಿಲ್ಸಬೇಡ, ತುಕ್ಕು ಹಿಡಿಯತ್ತೆ. ಆವಾಗಾವಾಗ ಓಡಿಸ್ತಿರೋಕೆ ಸರ್ಪಿನ್‌ಗೆ ಹೇಳು. ತಿಳೀತಾ?"

ವಸಿಸ್ ಸರ್ಪಿನನ ಮುಖ ನೋಡಿದ. ಸರ್ಪಿನ್ ವಸಿಸನ ಮುಖ ನೋಡಿದ. ಬೆಟ್ಟ ಇಳಿದಾಗಿನಿಂದ ಒಂದು ಕ್ಷಣವೂ ಬಾಯಿ ಮುಚ್ಚದ ಸರ್ಪಿನ್ ಆಗ ಒಂದೇ ಮಾತು ಹೇಳಿದ: "ಮೇಲಿನ ಕೇರಿ."

"ತಿಳೀತು ಬು," ಎಂದ ವಸಿಸ್. "ಕರಾಂಗ್‌ಸಾರೀಲೇ ಬಿಡ್ತೀನಿ."

ದೂರದ ಕೆಲಸಕ್ಕೆ ಹೋದ ಗಂಡ ದಿನಗಟ್ಟಲೆ ಬಾರದಿರುವುದು ರೂಢಿಯಾಗಿದ್ದ ತುಮಿನಿಗೆ, ಬರುವುದು ಇನ್ನೂ ತಡವೆಂದು ಫೋನು ಮಾಡಿ ಹೇಳಿದ. ಅವರು ಮತ್ತೆ ಸುಂಬಿಂಗ್ ಬೆಟ್ಟದ ಬುಡ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಆಕಾಶದಲ್ಲಿ ಬೇಕಾದಷ್ಟು ಮೋಡಗಳಿದ್ದವು. ಆದರೂ ವಸಿಸ್ ರಸ್ತೆಯನ್ನೇ ನೋಡುತ್ತ ಓಡಿಸಿದ. ಆ ರಸ್ತೆಯೇ ಅಷ್ಟು ಚೆನ್ನಾಗಿ ಕಾಣುತ್ತಿತ್ತು. ತಿರುವಿನಲ್ಲಿ ಬು ಪೈನೆಮ್ಮಳ ಒಲೆಯ ಬೆಳಕು ಕಂಡಿತು. ಗಾಡಿ ನಿಲ್ಲಿಸಿ ಅವನು ಕಿಟಕಿಯಿಂದ ತಲೆ ಹೊರಹಾಕಿದ.

"ಮತ್ತೆ ದಾರಿ ತಪ್ಪಿತಾ?" ಎಂದಳು ಅವಳು, ಎಣ್ಣೆಯಿಂದ ಸೌಟು ಎತ್ತದೆಯೇ.

"ಇಲ್ಲ ಬು. ಈ ಸಲ ಹೇಳಿ ಕಳಿಸಿದಾರೆ."

"ಹಾಗಾದ್ರೆ ಗಾಡೀನ ಪಕ್ಕಕ್ಕೆ ಹಾಕಿ, ಚಹಾ ಕುಡೀರಿ. ದಾರೀಲಿ ಹೀಗೆ ಅಡ್ಡ ನಿಂತ್ರೆ ಹ್ಯಾಗೆ? ಬೆಳಿಗ್ಗೆ ನೀವು ಇಳಿದ ಹಿಂದೇನೇ ವ್ಯಾನು ಹತ್ತಿದೆ, ಈಗ ಇಳಿದು ಬರೋ ಹೊತ್ತು."

"ವ್ಯಾನಾ? ಈ ಊರಿಗಾ?"

ಅವಳು ಉತ್ತರ ಕೊಡುವ ಮೊದಲೇ ಮೇಲಿನ ಮಂಜಿನೊಳಗಿಂದ ಎರಡು ಹಳದಿ ದೀಪಗಳು ಇಳಿದು ಬಂದವು. ಸಣ್ಣದೊಂದು ವ್ಯಾನು, ಮಾಡಿನ ಮೇಲೆ ಎಲೆಕೋಸಿನ ಗುಡ್ಡ, ಒಳಗೆ ಒತ್ತೊತ್ತಾಗಿ ಕೂತ ಹೆಂಗಸರು, ಅವರ ನಡುವೆ ರೋಲರ್ ಸವರಿದ ಅಜ್ಜಿ. ವ್ಯಾನಿನವನು ತಲೆ ಹೊರಗೆ ಹಾಕಿ, ಸರಿಯೋ ಎಂದು ಕೈ ಬೀಸಿ, ಬೆಟ್ಟವೆಲ್ಲ ಕೇಳುವಂತೆ ಹಾರ್ನ್ ಹೊಡೆದ. ವಸಿಸ್ ತನ್ನ ಉದ್ದನೆಯ ಗಾಡಿಯನ್ನು ಬಹಳ ಮರ್ಯಾದೆಯಿಂದ ಪಕ್ಕಕ್ಕೆ ತೆಗೆದುಕೊಂಡ.